ಕೋಚ್ ಸಾಹೇಬರಿಗೆ ಹೊದಿಸಿದ ಶಾಲು

ವಿಮಾನ ನಿಲ್ದಾಣ

ನೆದರ್ಲ್ಯಾಂಡ್ಸ್ ದೇಶದಲ್ಲಿ ನನ್ನನ್ನು ಮೊಟ್ಟಮೊದಲು ಮಾತನಾಡಿಸಿದ ಮನುಷ್ಯ ನನ್ನ ಲಿಂಬೆಹಣ್ಣುಗಳನ್ನು ಕಸಿದುಕೊಂಡ. ಹಳೆಯ ಪತ್ರಿಕೆಯಲ್ಲಿ ಸುತ್ತಿ, ಅದರ ಮೇಲೆ ಟವೆಲ್ ಸುತ್ತಿ, ಸ್ವೆಟರಿನ ನಡುವೆ ಕೂಸಿನಂತೆ ಮಲಗಿಸಿ ತಂದ ಹಣ್ಣುಗಳವು. ನಾನು ವಿಜಯಪುರ ಜಿಲ್ಲೆಯ ಇಂಡಿಯಲ್ಲಿ ಲಿಂಬೆ ಬೆಳೆಯುವವನು, ಸುತ್ತಲಿನ ಹಳ್ಳಿಗಳ ಲಿಂಬೆ ಕೊಂಡು ಮಾರುವವನು. ಬೇರೆಯವರ ಮನೆಗೆ ಹೋಗುವಾಗ ಬರಿಗೈಯಲ್ಲಿ ಹೋಗುವ ರೂಢಿ ನಮ್ಮಲ್ಲಿಲ್ಲ. ಆ ಅಧಿಕಾರಿ ಒಂದು ಹಣ್ಣನ್ನು ಮೂಗಿಗೆ ಹಿಡಿದು ವಾಸನೆ ನೋಡಿದ, ಮುಗುಳ್ನಕ್ಕ, ಎಲ್ಲವನ್ನೂ ದೊಡ್ಡ ಡಬ್ಬಿಯೊಂದಕ್ಕೆ ಸುರಿದ. ಹೊರಗಿನ ಹಣ್ಣು ಆ ದೇಶದೊಳಗೆ ಬರುವ ಹಾಗಿಲ್ಲವಂತೆ. ಉಪ್ಪಿನಕಾಯಿ ಬರಬಹುದಂತೆ. ಅಂದರೆ ಕೊಂದು ತಂದರೆ ಅಡ್ಡಿಯಿಲ್ಲ.

ಚೀಲದ ತಳದಲ್ಲಿದ್ದ ಶಾಲನ್ನೂ ಅವನು ಬಿಚ್ಚಿ ನೋಡಿದ. ಕೆಂಪು ಬಣ್ಣ, ಜರಿಯ ಅಂಚು, ಸಿಂದಗಿಯ ಅಂಗಡಿಯಿಂದ ತಂದದ್ದು. ಅಚ್ಚುಕಟ್ಟಾಗಿ ಮಡಚಿ ವಾಪಸು ಕೊಟ್ಟ. ಲಿಂಬೆ ಬಿಟ್ಟು ಶಾಲು ಇಟ್ಟುಕೊಂಡಿದ್ದರೆ ಒಂದು ಸಂಸಾರಕ್ಕೆ ಉಪಕಾರ ಮಾಡಿದಂತಾಗುತ್ತಿತ್ತು. ಆದರೆ ಅವನಿಗೆ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ಹೊರಗೆ ಶಬಾನಾ ನಿಂತಿದ್ದಳು. ನನ್ನ ಅಕ್ಕನ ಮಗಳು. ಸಾಲೋಟಗಿಯಲ್ಲಿ ಹುಟ್ಟಿ, ನರ್ಸಿಂಗ್ ಓದಿ, ತಾಳಿಕೋಟೆಯ ಹುಡುಗನನ್ನು ಮದುವೆಯಾಗಿ ಈ ದೇಶಕ್ಕೆ ಬಂದು ನೆಲೆಸಿದವಳು. ಗಂಡ ಸರಕು ಹಡಗಿನಲ್ಲಿ ಎಂಜಿನಿಯರ್. ಮನೆಯಲ್ಲಿ ಇರುವುದಕ್ಕಿಂತ ನೀರಿನ ಮೇಲೆ ಇರುವುದೇ ಹೆಚ್ಚು. ಅವರ ಒಬ್ಬನೇ ಮಗ ರೆಹಾನ್. ಸಣ್ಣವನಿದ್ದಾಗಲೇ ಅಲ್ಲಿನ ಫುಟ್‌ಬಾಲ್ ಕ್ಲಬ್ಬೊಂದು ಅವನನ್ನು ಆರಿಸಿಕೊಂಡು ತನ್ನ ಅಕಾಡೆಮಿಯಲ್ಲಿ ಬೆಳೆಸಿತ್ತು. ಈಗ ಕ್ಲಬ್ಬಿನ ರಿಸರ್ವ್ ತಂಡದಲ್ಲಿದ್ದ. ಟಿವಿಯಲ್ಲಿ ಕಾಣುವ ದೊಡ್ಡ ತಂಡಕ್ಕೂ ಅವನಿಗೂ ನಡುವೆ ಉಳಿದದ್ದು ಒಂದೇ ಮೆಟ್ಟಿಲು.

ಆ ಮೆಟ್ಟಿಲ ಸಲುವಾಗಿಯೇ ನಾನು ಹೋದದ್ದು. ಋತುವಿನ ಕೊನೆಯಲ್ಲಿ ಕ್ಲಬ್ಬಿನವರು ಒಬ್ಬೊಬ್ಬ ಹುಡುಗನನ್ನೂ ಮನೆಯವರೊಂದಿಗೆ ಕರೆಸಿ, ಇಟ್ಟುಕೊಳ್ಳುತ್ತೇವೆ ಅಥವಾ ಬಿಡುತ್ತೇವೆ ಎಂದು ಹೇಳುತ್ತಾರೆ. ಗಂಡ ಊರಲ್ಲಿರುವುದಿಲ್ಲ ಎಂದು ಗೊತ್ತಾದಾಗ ಶಬಾನಾ ನನಗೆ ಫೋನ್ ಮಾಡಿದ್ದಳು.

"ಆ ದಿನ ಮಗ್ಗಲದಾಗ ನಮ್ಮವರಂತ ಒಬ್ಬರು ಇರ್ರಿ ಮಾಮಾ. ಏನೂ ಮಾಡೂದು ಬ್ಯಾಡ. ಸುಮ್ನ ಕುಂತ್ರ ಸಾಕು."

ಸುಮ್ಮನೆ ಕೂಡು ಎಂದು ನನಗೆ ಹೇಳುವುದು, ಬೆಕ್ಕಿಗೆ ಹಾಲು ಕಾಯಲು ಹೇಳಿದಂತೆ. ಅದು ಆಕೆಗೆ ಗೊತ್ತಿರಬೇಕಿತ್ತು.

ಮನೆ

ಶಬಾನಾಳ ಊರು ಸಣ್ಣದು, ಚೊಕ್ಕಟ, ಮಟ್ಟಸ. ಒಂದು ದಿಬ್ಬವಿಲ್ಲ, ಒಂದು ಕಲ್ಲಿಲ್ಲ. ಹೊಲಗಳ ನಡುವೆ ಬದುವಿನ ಜಾಗದಲ್ಲಿ ನೀರಿನ ಕಾಲುವೆಗಳಿವೆ. ನಮ್ಮಲ್ಲಿ ನೀರು ಎಲ್ಲಿದೆ ಎಂದು ನೆಲ ಕೊರೆಯುತ್ತೇವೆ. ಅಲ್ಲಿ ನೀರನ್ನು ಎಲ್ಲಿ ಹಾಕಬೇಕು ಎಂಬ ಚಿಂತೆ. ಮೇ ತಿಂಗಳಲ್ಲಿ ನಾನು ಸ್ವೆಟರ್ ಹಾಕಿಕೊಂಡು ಕುಳಿತಿದ್ದೆ. ಅದೇ ಹೊತ್ತಿಗೆ ಇಂಡಿಯಲ್ಲಿ ನಾಯಿಗಳು ಕೂಡ ನೆರಳು ಬಿಟ್ಟು ಏಳುವುದಿಲ್ಲ.

ಪಕ್ಕದ ಮನೆಯ ಮುದುಕಿಯೊಬ್ಬಳು ಕಾಫಿಗೆ ಕರೆದಳು. ಕಾಫಿ ಕೊಟ್ಟಳು. ತಗಡಿನ ಡಬ್ಬಿ ತೆರೆದು ಒಂದು ಬಿಸ್ಕತ್ತು ತೆಗೆದುಕೊಳ್ಳಲು ಹೇಳಿದಳು. ನಾನು ನಮ್ಮ ರೀತಿಯಲ್ಲಿ ಬೇಡ ಎಂದೆ. ನಮ್ಮಲ್ಲಿ ಮೊದಲ ಸಲ ಬೇಡ ಎನ್ನುವುದು ಮಾತಿನ ಆರಂಭ. ಎರಡನೇ ಸಲ ಒತ್ತಾಯ ಮಾಡಬೇಕು, ಮೂರನೇ ಸಲ ತಟ್ಟೆಗೆ ಹಾಕಿಯೇ ಬಿಡಬೇಕು. ಮುದುಕಿ ಸರಿ ಎಂದು ಡಬ್ಬಿ ಮುಚ್ಚಿ ಕಪಾಟಿನಲ್ಲಿಟ್ಟಳು. ನಾನು ಕಪಾಟು ನೋಡುತ್ತ ಕಾಫಿ ಕುಡಿದೆ.

ಶಬಾನಾಳಿಗೆ ಹೇಳಿದರೆ ಬಿದ್ದು ಬಿದ್ದು ನಕ್ಕಳು. "ಇಲ್ಲಿ ಹಂಗ ಮಾಮಾ. ಬ್ಯಾಡ ಅಂದ್ರ ಬ್ಯಾಡ, ಬೇಕಂದ್ರ ಬೇಕು. ಮಂದಿ ಮಾತನ್ನ ಇದ್ದಂಗ ತಗೋತಾರ. ನನಗೂ ರೂಢಿ ಆಗಾಕ ಭಾಳ ವರ್ಷ ಹಿಡಿದಾವು."

ಆ ವಾರದಲ್ಲಿ ಆಕೆ ನಕ್ಕದ್ದು ಅದೇ ಕೊನೆ.

ರೆಹಾನ್ ಎತ್ತರದ ಹುಡುಗ. ತಾಯಿಯ ಕಣ್ಣು, ತಂದೆಯ ಭುಜ. ನನ್ನನ್ನು 'ನಾನಾ', ಅಂದರೆ ಅಜ್ಜ, ಎನ್ನುತ್ತಾನೆ. ಅವನ ಕನ್ನಡ ಇಡೀ ತಾಯಿಯಿಂದ ಬಂದದ್ದು. ಹಾಗಾಗಿ ಅದರಲ್ಲಿ ಅಡುಗೆಮನೆಯ ಮಾತು ಹೆಚ್ಚು, ಗಂಡಸರ ಮಾತು ಕಡಿಮೆ. ಬೈಗುಳವಂತೂ ಒಂದೂ ಬರುವುದಿಲ್ಲ. ಅವನು ಎಡಬದಿಯಲ್ಲಿ ಆಡುವ ರಕ್ಷಣೆಯ ಆಟಗಾರ. ಅದೇ ಜಾಗಕ್ಕೆ ತಂಡದಲ್ಲಿ ಇನ್ನೊಬ್ಬ ಹುಡುಗನಿದ್ದ, ಸ್ವೆನ್ ಅಂತ. ಇಬ್ಬರೂ ಸಣ್ಣಂದಿನ ಗೆಳೆಯರು. ಇಬ್ಬರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಸ್ವೆನ್ ದಿನಾ ಸಂಜೆ ಬಂದು ಶಬಾನಾಳ ಕೈಯ ಚಪಾತಿ ತಿಂದು ಹೋಗುತ್ತಿದ್ದ.

"ಯಾರ ಕಡಿ ಐತಿ ಗಾಳಿ?" ಎಂದು ಶಬಾನಾಳನ್ನು ಕೇಳಿದೆ.

"ಗುರುವಾರ ತೀರ್ಮಾನ ಹೇಳ್ತಾರ, ಮಾಡಾವ್ರು ಮೂರು ಮಂದಿ. ಇಬ್ಬರ ಮನಸ್ಸು ತಿಳಿಯಂಗಿಲ್ಲ. ರಿಸರ್ವ್ ತಂಡದ ಕೋಚ್ ಹೆಂಕ್ ಒಬ್ರು ಇವನ ಬಗ್ಗೆ ಚೊಲೊ ಮಾತಾಡ್ತಾರ. ಅವರು ಒಳಗ ಕುಂತ್ರ ನನಗ ಧೈರ್ಯ ಐತಿ ಮಾಮಾ."

ಮೈದಾನ

ಮರುದಿನ ಶಬಾನಾ ಆಸ್ಪತ್ರೆಯ ಕೆಲಸಕ್ಕೆ ಹೋದಳು. ನಾನು ರೆಹಾನ್ ಜೊತೆ ಕ್ಲಬ್ಬಿನ ಮೈದಾನಕ್ಕೆ ಹೋದೆ. ಹೋಗುವಾಗ ಚೀಲ ಹೆಗಲಿಗೆ ಹಾಕಿಕೊಂಡೆ.

ಅಕಾಡೆಮಿ ಎಂದರೆ ನಾನು ಕಟ್ಟಡ ಎಂದುಕೊಂಡಿದ್ದೆ. ಅದು ಸಾಲು ಸಾಲು ಮೈದಾನಗಳು. ಒಂದರಲ್ಲಿ ಇನ್ನೂ ಹಾಲುಹಲ್ಲು ಬೀಳುತ್ತಿರುವ ಪುಟ್ಟ ಹುಡುಗರು, ಮುಂದಿನದರಲ್ಲಿ ಸ್ವಲ್ಪ ದೊಡ್ಡವರು, ಕೊನೆಯದರಲ್ಲಿ ರಿಸರ್ವ್ ತಂಡ. ನಡೆಯುತ್ತ ಹೋದರೆ ಒಬ್ಬನೇ ಹುಡುಗ ಬೆಳೆಯುತ್ತ ಹೋದಂತೆ ಕಾಣುತ್ತದೆ, ಮೈದಾನದಿಂದ ಮೈದಾನಕ್ಕೆ ಹುಡುಗರ ಸಂಖ್ಯೆ ಮಾತ್ರ ಇಳಿಯುತ್ತದೆ. ಇದು ನನಗೆ ಹೊಸದಲ್ಲ. ನಮ್ಮ ಅಂಗಳದಲ್ಲಿ ಲಿಂಬೆಯ ರಾಶಿ ಹಾಕಿ ದೊಡ್ಡದು, ನಡುವಿನದು, ಉಪ್ಪಿನಕಾಯಿಗೆ ಹೋಗುವುದು ಎಂದು ಆರಿಸುತ್ತೇವೆ. ಲಿಂಬೆಗೆ ತಾಯಿ ಬಂದು ಬೇಲಿಯಾಚೆ ನಿಲ್ಲುವುದಿಲ್ಲ, ಅಷ್ಟೇ ವ್ಯತ್ಯಾಸ.

ದಾರಿಯಲ್ಲಿ ಎದುರಾದ ಹುಡುಗರೆಲ್ಲ, ಮೊಳದುದ್ದ ಇದ್ದವರೂ ಸೇರಿ, ನಿಂತು ನನ್ನ ಕೈ ಕುಲುಕಿದರು. ಕಣ್ಣಲ್ಲಿ ಕಣ್ಣಿಟ್ಟು ಹೆಸರು ಹೇಳಿದರು. ಇಂಡಿಯ ಲಿಂಬೆ ವ್ಯಾಪಾರಿಯ ಕೀರ್ತಿ ಇಲ್ಲಿಯವರೆಗೂ ಬಂದಿದೆಯಲ್ಲ ಎಂದು ಎದೆ ಉಬ್ಬಿತು. ಯಾವ ದೊಡ್ಡವರು ಎದುರು ಬಂದರೂ ಹಾಗೆ ಮಾಡಬೇಕೆಂದು ಕ್ಲಬ್ಬಿನ ಕಟ್ಟಳೆಯಂತೆ. ಹಿಂದೆ ಬರುತ್ತಿದ್ದ ಹುಲ್ಲು ಕತ್ತರಿಸುವವನಿಗೂ ಅವರು ಅಷ್ಟೇ ಶ್ರದ್ಧೆಯಿಂದ ಕೈ ಕೊಟ್ಟರು.

ಬೇಲಿಯಾಚೆ ತಂದೆತಾಯಿಗಳು ನಿಂತಿದ್ದರು. ಅವರು ಕೂಗುವಂತಿಲ್ಲ. ಮಕ್ಕಳಿಗೆ ಆಟ ಹೇಳಿಕೊಡುವುದು ಕೋಚ್ ಕೆಲಸ, ಅವರದಲ್ಲ. ನಮ್ಮ ಹಲಸಂಗಿಯ ಕಡೆ ಕಬಡ್ಡಿ ನಡೆದರೆ ಆಡುವವರು ಹದಿನಾಲ್ಕು ಮಂದಿ, ಆಡಿಸುವವರು ಊರು ಮಂದಿ. ನಾನು ಬಾಯಿ ಬಿಗಿಹಿಡಿದು ನಿಂತೆ. ಆದರೂ ರೆಹಾನ್ ಕಾಲಿಗೆ ಚೆಂಡು ಬಂದಾಗ "ಬಿಡಬ್ಯಾಡಲೇ, ಹಿಡಿ" ಎಂದು ಬಾಯಿಯಿಂದ ಬಿದ್ದೇ ಹೋಯಿತು. ಎಲ್ಲರೂ ತಿರುಗಿ ನೋಡಿದರು. ರೆಹಾನ್ ಮಾತ್ರ ನೋಡಲಿಲ್ಲ.

ಕೋಚ್ ಹೆಂಕ್ ಅರವತ್ತರ ಹತ್ತಿರದವರು. ತೆಳ್ಳಗೆ, ಉದ್ದಕ್ಕೆ, ಬಿಸಿಲು ಕಾಣದಿದ್ದರೂ ಕೆಂಪಗಾದ ಮುಖ. ವಿರಾಮದಲ್ಲಿ ಅವರೇ ನನ್ನ ಬಳಿ ಬಂದು ಕೈಕೊಟ್ಟರು. ರೆಹಾನ್ ನನ್ನನ್ನು ಪರಿಚಯಿಸಿದ. ಆಗ ನಾನು ಚೀಲಕ್ಕೆ ಕೈ ಹಾಕಿದೆ.

ಇಲ್ಲಿ ನಮ್ಮ ಕಡೆಯ ರೂಢಿ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ವಿಜಯಪುರದ ಸೀಮೆಯಲ್ಲಿ ಶಾಲು ಹೊದಿಸದೆ ಒಂದು ಬೋರ್‌ವೆಲ್ ಕೂಡ ಉದ್ಘಾಟನೆಯಾಗುವುದಿಲ್ಲ. ವರ್ಗವಾಗಿ ಬಂದವರಿಗೆ ಶಾಲು, ವರ್ಗವಾಗಿ ಹೋದರೆ ಶಾಲು, ಹೋಗದೆ ಉಳಿದರೆ ಅದಕ್ಕೂ ಶಾಲು. ನನ್ನ ಟ್ರಂಕಿನಲ್ಲಿ ಅಂಥವು ತುಂಬಿವೆ. ಒಬ್ಬರ ಹೆಗಲಿನ ಶಾಲು ಇನ್ನೊಬ್ಬರ ಹೆಗಲಿಗೆ ಹೋಗಿ, ಬಸವನ ಬಾಗೇವಾಡಿ ಸುತ್ತಿ, ಕೊನೆಗೆ ಕೊಟ್ಟವನ ಮನೆಗೇ ವಾಪಸು ಬಂದದ್ದೂ ಉಂಟು. ಆದರೆ ಈ ಶಾಲು ಹೊಸದು. ಮುದ್ದೇಬಿಹಾಳದ ಶಾಲೆಯಲ್ಲಿ ಆಟದ ಮಾಸ್ತರನಾಗಿ ನಿವೃತ್ತನಾದ ನನ್ನ ಗೆಳೆಯ ಶಿವಪ್ಪ ಒತ್ತಿ ಹೇಳಿದ್ದ: "ಹುಡುಗಗ ಆಟ ಕಲಿಸಿದ ಗುರುವಿಗೆ ಮಾನ ಮಾಡಿ ಬರ್ರಿ. ಇಲ್ಲಂದ್ರ ನಮ್ಮ ಮಂದಿಗೆ ಕಿಮ್ಮತ್ತಿಲ್ಲ."

ನಾನು ಶಾಲನ್ನು ಬಿಡಿಸಿ ಹೆಂಕ್ ಹೆಗಲಿಗೆ ಹೊದಿಸಿದೆ. ಬಟ್ಟೆಯ ಹೂವಿನ ಹಾರ ಹಾಕಿದೆ. ಎರಡೂ ಕೈ ಮುಗಿದೆ. ಹುಡುಗರು ಓಡಿಬಂದು ಚಪ್ಪಾಳೆ ಹೊಡೆದರು. ಹೆಂಕ್ ಮೊದಲು ಗಾಬರಿಯಾದರು, ಆಮೇಲೆ ನಕ್ಕರು. ಹಾರ ತೆಗೆದು ಗೋಲಿನ ಕಂಬಕ್ಕೆ ಹಾಕಿ, ಶಾಲು ಹೊದ್ದುಕೊಂಡೇ ಸೀಟಿ ಊದುತ್ತ ಓಡಾಡಿದರು. ಚಳಿಗೆ ಒಳ್ಳೆಯದೇ ಆಯಿತು ಎಂದುಕೊಂಡೆ.

ಕೆಲಸ ಆಗಲಿ ಎಂದು ಹೊದಿಸಿದೆಯಾ ಎಂದು ಕೇಳಿದರೆ ಅಲ್ಲ ಎನ್ನುತ್ತೇನೆ. ಅದು ಪೂರ್ತಿ ನಿಜವಲ್ಲ. ಹೆಗಲ ಮೇಲೆ ನಮ್ಮ ಶಾಲು ಇದ್ದ ಮನುಷ್ಯ ನಮ್ಮ ಹುಡುಗನನ್ನು ಅಷ್ಟು ಸುಲಭವಾಗಿ ಕೈಬಿಡಲಾರ ಎಂದು ಮನಸ್ಸಿನ ಮೂಲೆಯಲ್ಲಿ ಇದ್ದೇ ಇತ್ತು.

ಆ ಸಂಜೆ

ಹೆಂಕ್ ಊಟದ ಹೊತ್ತಿಗೆ ಶಬಾನಾಳಿಗೆ ಫೋನ್ ಮಾಡಿದರು. ಆಕೆ ಅವರ ಭಾಷೆಯಲ್ಲಿ ಒಂದೆರಡು ಮಾತಾಡಿದಳು, ಆಮೇಲೆ ಕೇಳಿಸಿಕೊಂಡಳು. ಫೋನ್ ಇಟ್ಟು ಈರುಳ್ಳಿ ಹೆಚ್ಚತೊಡಗಿದಳು.

"ಏನಂತ?" ಎಂದೆ.

"ಶಾಲು ಭಾಳ ಚಂದ ಐತಿ ಅಂದ್ರು."

"ಮತ್ತ?"

"ಆಟಗಾರರ ಮನಿಯವರಿಂದ ಏನ ತಗೊಂಡ್ರೂ ಆಫೀಸಿಗೆ ಹೇಳಬೇಕಂತ. ಹೇಳಿ ಬಂದಾರ. ಉಡುಗೊರಿ ತಗೊಂಡಾವ್ರು ಆ ಹುಡುಗನ ತೀರ್ಮಾನದಾಗ ಕೂಡೂ ಹಂಗಿಲ್ಲ. ಗುರುವಾರ ಅವರು ಒಳಗ ಇರಂಗಿಲ್ಲ ಮಾಮಾ."

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು. ಇದ್ದ ಒಂದೇ ಆಸರೆಯ ಬಾಗಿಲನ್ನು ನಾನೇ ಕೈಯಾರೆ ಮುಚ್ಚಿದ್ದೆ, ಅದೂ ಹಾರ ಹಾಕಿ, ಕೈ ಮುಗಿದು. ಶಬಾನಾ ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಅಕ್ಕನಾದರೆ ಓಣಿ ಕೇಳುವಂತೆ ಬೈಯುತ್ತಿದ್ದಳು. ಈಕೆ ನನ್ನ ತಟ್ಟೆಗೆ ಪಲ್ಯ ಬಡಿಸಿ, ಬಿಸಿ ಚಪಾತಿ ಹಾಕಿ, ತುಪ್ಪ ಬೇಕಾ ಎಂದು ಕೇಳಿದಳು. ಬೇಡ ಎಂದೆ. ಆಕೆ ಎರಡನೇ ಸಲ ಕೇಳಲಿಲ್ಲ.

ರೆಹಾನ್ ಮೆಲ್ಲಗೆ ಹೇಳಿದ, "ಇರ್ಲಿ ಬಿಡ್ರಿ ನಾನಾ. ಶಾಲು ಅವರಿಗಿ ಚೊಲೊ ಕಾಣತಿತ್ತು."

ಬಸ್ ನಿಲ್ದಾಣ

ಮರುದಿನ ನಾನು ಯಾರಿಗೂ ಹೇಳದೆ ಕ್ಲಬ್ಬಿಗೆ ಹೊರಟೆ. ಶಾಲು ವಾಪಸು ತಂದುಬಿಟ್ಟರೆ ಎಲ್ಲ ಮೊದಲಿನಂತಾಗುತ್ತದೆ ಎಂದು ನನ್ನ ಲೆಕ್ಕ. ಹೊದಿಸಿದ ಶಾಲನ್ನು ಮರಳಿ ಕೇಳುವುದು ನಮ್ಮಲ್ಲಿ ಉಗುಳಿದ್ದನ್ನು ನುಂಗಿದಂತೆ. ಆದರೆ ಇಂಡಿಯವರು ಯಾರೂ ನೋಡುತ್ತಿರಲಿಲ್ಲ.

ನಿಲ್ದಾಣದಲ್ಲಿ ನಿಂತೆ. ಬಸ್ಸು ಬಂತು, ನನ್ನ ಮುಂದೆಯೇ ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಖಾಲಿ ಬಸ್ಸುಗಳು. ನಮ್ಮ ಸಿಂದಗಿ ಬಸ್ಸು ಹೇಗೆ ತುಂಬಿದ್ದರೂ ನಿಲ್ಲುತ್ತದೆ, ನಿಲ್ಲದಿದ್ದರೆ ನಾವು ನಿಲ್ಲಿಸುತ್ತೇವೆ. ಪಕ್ಕದಲ್ಲಿದ್ದ ಹೆಣ್ಣುಮಗಳು ಕೊನೆಗೆ ಕೈ ಚಾಚಿ ತೋರಿಸಿದಳು. ಕೈ ಮಾಡದಿದ್ದರೆ ಹತ್ತುವ ಮನಸ್ಸಿಲ್ಲ ಎಂದು ಡ್ರೈವರ್ ತಿಳಿಯುತ್ತಾನಂತೆ. ಬಿಸ್ಕತ್ತಿನ ಡಬ್ಬಿಯ ಕಥೆಯೇ.

ಕ್ಲಬ್ಬಿನ ಅಂಗಳದಲ್ಲಿ ಹುಡುಗರು ನಲ್ಲಿಯ ಮುಂದೆ ಕುಳಿತು ತಮ್ಮ ತಮ್ಮ ಬೂಟುಗಳನ್ನು ಬ್ರಶ್ ಹಾಕಿ ತಿಕ್ಕುತ್ತಿದ್ದರು. ಮಣ್ಣಿನ ಬೂಟು ಹಾಕಿಕೊಂಡು ಒಳಗೆ ಕಾಲಿಡುವಂತಿಲ್ಲ, ಬೇರೆಯವರ ಕೈಯಲ್ಲಿ ತೊಳೆಸುವಂತೆಯೂ ಇಲ್ಲ. ಸ್ವೆನ್ ನನ್ನನ್ನು ನೋಡಿ ಎದ್ದು, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಂಡು ಕೈಕೊಟ್ಟ. ಅವನ ಮೇಲೆ ನನಗೆ ಆ ಹೊತ್ತು ಒಳ್ಳೆಯ ಭಾವನೆ ಇರಲಿಲ್ಲ. ಆದರೂ ಕೈಕೊಟ್ಟೆ. ಅವನೇ ನನ್ನನ್ನು ಹೆಂಕ್ ಕೋಣೆಗೆ ಕರೆದುಕೊಂಡು ಹೋಗಿ ಬಿಟ್ಟ.

ನನ್ನ ಇಂಗ್ಲಿಷ್ ಲಿಂಬೆ ಮಾರುವಷ್ಟು ಇದೆ, ಅದಕ್ಕಿಂತ ಹೆಚ್ಚಿಲ್ಲ. ಶಾಲು ನನಗೆ ಕೊಡಿ, ನೀವು ಗುರುವಾರ ಒಳಗೆ ಕೂಡಿ ಎಂದು ಹೇಳಲು ಮಾತಿಗಿಂತ ಕೈಯನ್ನೇ ಹೆಚ್ಚು ಬಳಸಿದೆ. ಹೆಂಕ್ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನಿಧಾನವಾಗಿ, ನನಗೆ ತಿಳಿಯುವಂತೆ ಬಿಡಿ ಬಿಡಿ ಮಾತಿನಲ್ಲಿ ಹೇಳಿದರು. ಶಾಲು ಆಫೀಸಿಗೆ ಹೋಗಿದೆ. ವಾಪಸು ಕೊಟ್ಟರೂ ತೆಗೆದುಕೊಂಡದ್ದು ತೆಗೆದುಕೊಂಡದ್ದೇ. ನಿಯಮ ಎಲ್ಲರಿಗೂ ಒಂದೇ.

"ನೀವು ರೆಹಾನ್ ಪರವಾಗಿದ್ದಿರಾ?" ಎಂದು ಕೇಳಿದೆ.

ಅವರು ತಲೆಯಾಡಿಸಿದರು, ಹೌದೂ ಅಲ್ಲ, ಅಲ್ಲವೂ ಅಲ್ಲ. ಆ ಮಾತು ಈಗ ಆಡುವಂತಿಲ್ಲ, ಎಲ್ಲ ಮುಗಿದ ಮೇಲೆ ಕೇಳಿ ಎಂದರು. ಕಾಫಿ ಕೊಟ್ಟು ಬಿಸ್ಕತ್ತಿನ ಡಬ್ಬಿ ತೆರೆದರು. ಈ ಸಲ ನಾನು ಮೊದಲ ಮಾತಿಗೇ ತೆಗೆದುಕೊಂಡೆ.

ಗುರುವಾರ

ಕ್ಲಬ್ಬಿನ ಮೇಲಿನ ಮಹಡಿಯಲ್ಲಿ ಒಂದು ಗಾಜಿನ ಕೋಣೆ. ಹೊರಗೆ ಕುರ್ಚಿಗಳ ಸಾಲು. ಹುಡುಗರು ತಂದೆತಾಯಿಯೊಂದಿಗೆ ಸರದಿಯಲ್ಲಿ ಒಳಗೆ ಹೋಗುತ್ತಿದ್ದರು, ಹೊರಗೆ ಬರುತ್ತಿದ್ದರು. ಗಾಜಾದ್ದರಿಂದ ಒಳಗಿನವರ ಬೆನ್ನು ಕಾಣುತ್ತದೆ, ಮಾತು ಕೇಳುವುದಿಲ್ಲ. ನಾನು ಬೆನ್ನು ನೋಡಿ ಫಲಿತಾಂಶ ಊಹಿಸುತ್ತ ಕುಳಿತೆ. ನಮ್ಮ ಸರದಿಗೆ ಮುಂಚೆ ಹೋದ ಸ್ವೆನ್ ತಾಯಿಯ ಬೆನ್ನು ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡು ನನ್ನ ಮನಸ್ಸಿಗೆ ಸಮಾಧಾನವಾಯಿತು. ಸುಳ್ಳು ಹೇಳಬಾರದು, ಆಯಿತು. ಅವಳು ಹೊರಗೆ ಬಂದಾಗ ನೋಡಿದರೆ ಅದು ಸಂತೋಷದ ಅಳು. ಸ್ವೆನ್ ರೆಹಾನ್ ಮುಖ ನೋಡದೆ ನೆಲ ನೋಡುತ್ತ ನಡೆದ.

ಶಬಾನಾಳಿಗೂ ಅರ್ಥವಾಯಿತು. ಆದರೂ ಆಕೆ ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು, ಬೆನ್ನು ನೇರ ಮಾಡಿಕೊಂಡು ಒಳಗೆ ಹೋದಳು. ನಾನು ಹಿಂದೆ ಹೋದೆ.

ಒಳಗೆ ಇಬ್ಬರಿದ್ದರು, ಅಕಾಡೆಮಿಯ ಮುಖ್ಯಸ್ಥೆ ಮತ್ತು ದೊಡ್ಡ ತಂಡದ ಕೋಚ್. ಮೂರನೇ ಕುರ್ಚಿ ಖಾಲಿ ಇತ್ತು. ಮುಖ್ಯಸ್ಥೆ ಕುಶಲ ಕೇಳಲಿಲ್ಲ, ಹವಾಮಾನದ ಮಾತಾಡಲಿಲ್ಲ. ನಾವು ಕುಳಿತ ಕೂಡಲೇ ಒಂದೇ ವಾಕ್ಯ ಹೇಳಿದಳು. ಶಬಾನಾಳ ಕೈ ಮೇಜಿನ ಕೆಳಗೆ ನನ್ನ ಅಂಗಿಯ ತೋಳು ಹಿಡಿಯಿತು, ಹಾಗೆಯೇ ಬಿಟ್ಟಿತು. ರೆಹಾನ್ ಕಿವಿ ಕೆಂಪಾದವು. ಅವನು ಏನೋ ಅಂದ. ಧನ್ಯವಾದ ಅಂದದ್ದಂತೆ.

ನಮ್ಮ ಕಡೆ ಇಲ್ಲ ಎನ್ನುವ ಮಾತು ಇಲ್ಲವೇ ಇಲ್ಲ. ಹೆಣ್ಣು ನೋಡಲು ಹೋದವರು ಉಪ್ಪಿಟ್ಟು ತಿಂದು, ಚಹಾ ಕುಡಿದು, "ಊರಿಗಿ ಹೋಗಿ ತಿಳಸ್ತೇವ್ರಿ" ಎಂದು ಎದ್ದು ಬರುತ್ತಾರೆ. ತಿಳಿಸುವುದೇ ಇಲ್ಲ. ಹೆಣ್ಣಿನವರು ತಿಂಗಳುಗಟ್ಟಲೆ ಕಾದು ತಾವೇ ತಿಳಿದುಕೊಳ್ಳುತ್ತಾರೆ. ರೈತ ತಂದ ಲಿಂಬೆ ನನಗೆ ಹಿಡಿಸದಿದ್ದರೆ, "ಈ ವಾರ ಬಜಾರ ಸುಮಾರ ಐತಿ, ಮುಂದಿನ ವಾರ ನೋಡೂಣು" ಎನ್ನುತ್ತೇನೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಈ ಹೆಣ್ಣುಮಗಳು ಹಾವನ್ನು ಒಂದೇ ಏಟಿಗೆ ಕೊಂದು ಕೋಲನ್ನು ಗೋಡೆಗೆ ಒರಗಿಸಿಟ್ಟಳು. ಆಮೇಲೆ ಕಾಫಿ ಬೇಕಾ ಎಂದು ಕೇಳಿದಳು. ಕೆಳಗಿನ ದರ್ಜೆಯ ಕ್ಲಬ್ಬೊಂದಕ್ಕೆ ಇವನ ಹೆಸರು ಹೇಳುತ್ತೇವೆ, ಓದು ಮುಂದುವರಿಸಲು ಸಹಾಯ ಮಾಡುತ್ತೇವೆ ಎಂದಳು. ಒಳ್ಳೆಯ ಮಾತುಗಳೇ. ಕೇಳಿಸಿಕೊಳ್ಳುವ ಕಿವಿ ಅಲ್ಲಿ ಯಾರಿಗೂ ಇರಲಿಲ್ಲ.

ಕಾರಿನಲ್ಲಿ ಶಬಾನಾ ಒಂದೇ ಮಾತಾಡಿದಳು. "ಹೆಂಕ್ ಇದ್ದಿದ್ರ..." ಅಷ್ಟಕ್ಕೇ ನಿಲ್ಲಿಸಿದಳು.

ಉಳಿದದ್ದನ್ನು ನಾನು ನನ್ನಷ್ಟಕ್ಕೆ ಪೂರ್ತಿ ಮಾಡಿಕೊಂಡೆ. ಮಾಡಿದ್ದುಣ್ಣೋ ಮಹರಾಯ ಎನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣುವವನು ಹುಡುಗ. ನಾನು ಬಾರದೇ ಇದ್ದಿದ್ದರೆ, ಬಂದರೂ ಆಕೆ ಹೇಳಿದಂತೆ ಸುಮ್ಮನೆ ಕುಳಿತಿದ್ದರೆ ಎಂದು ಮನಸ್ಸು ಗಾಣದ ಎತ್ತಿನಂತೆ ಸುತ್ತುತ್ತಿತ್ತು. ಇಂಡಿಯಿಂದ ಶಿವಪ್ಪ ಮಾಸ್ತರನ ಫೋನ್ ಬಂತು. ಎತ್ತಲಿಲ್ಲ.

ಶನಿವಾರ

ನನಗೆ ಅರ್ಥವಾಗದ ಸಂಗತಿ ಎಂದರೆ ಇದು: ಗುರುವಾರ ಬೇಡ ಅನ್ನಿಸಿಕೊಂಡ ಹುಡುಗರು ಶನಿವಾರ ಅದೇ ತಂಡದಲ್ಲಿ ಕೊನೆಯ ಪಂದ್ಯ ಆಡುತ್ತಾರೆ. ಅದು ಆ ಕ್ಲಬ್ಬಿನ ಪದ್ಧತಿ. ನಮ್ಮಲ್ಲಿ ನಾಳೆಯಿಂದ ಬರಬೇಡ ಎಂದರೆ ಆಳು ಹೊತ್ತಿದ್ದ ಚೀಲವನ್ನು ಅಲ್ಲೇ ಒಗೆದು ಹೋಗುತ್ತಾನೆ. ನಾನಾದರೂ ಹಾಗೇ ಮಾಡುತ್ತಿದ್ದೆ. ರೆಹಾನ್ ಬೆಳಿಗ್ಗೆ ಎದ್ದು, ಅಂಗಿ ಇಸ್ತ್ರಿ ಮಾಡಿಕೊಂಡು, ಬಾಳೆಹಣ್ಣು ತಿಂದು ಹೊರಟ.

"ಹೋಗಲೇಬೇಕೇನೋ?" ಎಂದು ಕೇಳಿದೆ.

"ಇವತ್ತ ಮ್ಯಾಚ್ ಐತಿ ನಾನಾ" ಎಂದ, ನನಗೆ ಗೊತ್ತಿಲ್ಲವೇನೋ ಎಂಬಂತೆ.

ಕ್ಲಬ್ ಬಿಟ್ಟುಹೋಗುವ ಹುಡುಗರು ಮೊದಲು ಮೈದಾನಕ್ಕೆ ಇಳಿದರು. ಉಳಿಯುವವರು ಎರಡು ಸಾಲಾಗಿ ನಿಂತು ಅವರಿಗೆ ದಾರಿ ಬಿಟ್ಟರು. ಭಾಷಣವಿಲ್ಲ, ಹಾರವಿಲ್ಲ, ಮೈಕ್ ಇಲ್ಲ. ಜನ ಎದ್ದು ಚಪ್ಪಾಳೆ ತಟ್ಟಿದರು, ಕುಳಿತರು. ನಾನು ಶಬಾನಾಳ ಪಕ್ಕದಲ್ಲಿ ಕುಳಿತಿದ್ದೆ. ಆಕೆ ಚಪ್ಪಾಳೆ ತಟ್ಟುತ್ತಲೇ ಅಳುತ್ತಿದ್ದಳು, ಮುಖ ಒರೆಸಿಕೊಳ್ಳಲೂ ಇಲ್ಲ.

ಮೊದಲ ಅರ್ಧ ರೆಹಾನ್ ಆಡಿದ. ಎರಡನೇ ಅರ್ಧದಲ್ಲಿ ಅದೇ ಜಾಗಕ್ಕೆ ಸ್ವೆನ್ ಬಂದ. ಇಬ್ಬರೂ ಗೆರೆಯ ಹತ್ತಿರ ಒಬ್ಬರನ್ನೊಬ್ಬರು ತಬ್ಬಿಕೊಂಡರು. ನಾನು ಕಣ್ಣು ಕಿರಿದು ಮಾಡಿ ನೋಡಿದೆ. ಇವನೂ ಓಡುತ್ತಿದ್ದ, ಅವನೂ ಓಡುತ್ತಿದ್ದ. ಇವನೂ ಚೆಂಡು ಕಸಿಯುತ್ತಿದ್ದ, ಅವನೂ ಕಸಿಯುತ್ತಿದ್ದ. ಯಾರು ಹೆಚ್ಚು, ಯಾರು ಕಡಿಮೆ ಎಂದು ನನ್ನ ಕಣ್ಣಿಗೆ ಹತ್ತಲೇ ಇಲ್ಲ. ಲಿಂಬೆಯಾಗಿದ್ದರೆ ಮುಟ್ಟದೆಯೇ ಹೇಳುತ್ತಿದ್ದೆ. ಇಲ್ಲಿ ನಾನು ಕುರುಡ. ಹಾಗಾಗಿ ನನ್ನ ತಪ್ಪು ಎಷ್ಟು ದೊಡ್ಡದು ಎಂದು ಅಳೆಯುವ ದಾರಿಯೂ ನನಗಿರಲಿಲ್ಲ.

ಪಂದ್ಯ ಮುಗಿಯಿತು. ಗೆದ್ದರೋ ಸೋತರೋ ನನಗೆ ಈಗ ನೆನಪಿಲ್ಲ. ರೆಹಾನ್, ಸ್ವೆನ್ ಮತ್ತು ಉಳಿದ ಹುಡುಗರು ನಲ್ಲಿಯ ಮುಂದೆ ಕುಳಿತು ಬೂಟು ತಿಕ್ಕುತ್ತಿದ್ದರು. ಹೆಂಕ್ ನಾವಿದ್ದಲ್ಲಿಗೆ ಬಂದರು. ಈಗ ಎಲ್ಲ ಮುಗಿದಿತ್ತು, ಈಗ ಮಾತಾಡಬಹುದಿತ್ತು. ನಾನು ಶಬಾನಾಳಿಗೆ ಹೇಳಿದೆ, "ನಿನಗ ಹೇಳದ ಇವರ ಕೋಣಿಗಿ ಬಂದು ನಾ ಕೇಳಿದ್ದನ್ನ ಇನ್ನೊಮ್ಮೆ ಕೇಳವ್ವಾ. ಶಾಲು ಹೊದಿಸದ ಇದ್ದಿದ್ರ ಏನಾಗತಿತ್ತು ಅಂತ."

ಆಕೆ ನನ್ನನ್ನು ಒಮ್ಮೆ ನೋಡಿ, ಕೇಳಿದಳು. ಹೆಂಕ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ನನ್ನ ಕಡೆ ನೋಡುತ್ತ, ನನಗೆ ಅರ್ಥವಾಗದ ಭಾಷೆಯಲ್ಲಿ, ನಾಲ್ಕೈದು ಮಾತು ಹೇಳಿದರು. ದನಿ ಮೃದುವಾಗಿತ್ತು. ಹೇಳಿ ಸುಮ್ಮನೆ ನಿಂತರು, ಹೋಗಲಿಲ್ಲ.

ಶಬಾನಾ ದೂರದಲ್ಲಿ ಬೂಟು ತಿಕ್ಕುತ್ತಿದ್ದ ಮಗನನ್ನೇ ನೋಡುತ್ತ ನಿಂತಳು. ಹೆಂಕ್ ಆಕೆಯನ್ನು ನೋಡುತ್ತಿದ್ದರು, ನಾನೂ ನೋಡುತ್ತಿದ್ದೆ. ಮಳೆ ಶುರುವಾಯಿತು, ಅಲ್ಲಿನ ಮಳೆ, ಬಂದದ್ದೂ ತಿಳಿಯುವುದಿಲ್ಲ. ಯಾರೂ ಕದಲಲಿಲ್ಲ.

"ಮಾಮಾ," ಎಂದಳು ಕೊನೆಗೆ. "ಶಾಲಿಂದ ಏನೂ ಆಗಿಲ್ಲಂತ. ಅವರು ಒಳಗ ಕುಂತಿದ್ರೂ ಬ್ಯಾಡ ಅಂತನ ಹೇಳಾವ್ರಿದ್ರಂತ. ರೆಹಾನ್ ಮ್ಯಾಲ ಅವರಿಗಿ ಭಾಳ ಜೀವ ಐತಿ. ಆದ್ರ ಸ್ವೆನ್ ಇವನಕಿಂತ ಚೊಲೊ ಆಡ್ತಾನಂತ. ಹೋದ ವರ್ಷನ ಅವರಿಗಿ ಗೊತ್ತಾಗಿತ್ತಂತ."

ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಆಕೆಯ ಮಗನ ಕೊನೆಯ ಆಸರೆಯೂ ಸುಳ್ಳಾಗಿತ್ತು ಎಂಬ ಮಾತಿಗೆ ನನ್ನ ಉಸಿರು ಸರಾಗವಾಯಿತು. ನನಗೆ ನಾಚಿಕೆಯಾಯಿತು. ಹೆಂಕ್ ನಮ್ಮಿಬ್ಬರ ಕೈ ಕುಲುಕಿ ಹೋದರು.

"ನಾ ಬ್ಯಾರೆನ ಹೇಳಬೇಕಂತ ಮಾಡಿದ್ನಿ ಮಾಮಾ," ಎಂದಳು ಶಬಾನಾ. "ಅವರು ಒಳಗ ಇದ್ದಿದ್ರ ಇವನನ್ನ ಉಳಸ್ತಿದ್ರು ಅಂತ."

"ಹೇಳಬೇಕಿತ್ತವ್ವಾ. ನಾ ನಂಬತಿದ್ನಿ."

"ಗೊತ್ತೈತ್ರಿ," ಎಂದಳು.